ಮೂರು ಕಂಠ, 77 ಮಲೆ

ಒಂದು ಲಕ್ಷದ ತೊಂಬತ್ತಾರು ಸಾವಿರ ಪಾತ್ರಗಳು ಒಟ್ಟಿಗೆ ರಂಗಕ್ಕೆ ಬರುವ ಸಂಗೀತ ನಾಟಕವೊಂದು ಕನ್ನಡದಲ್ಲಿದೆ. ಅದನ್ನು ಆಡುವವರು ಮೂರ್ನಾಲ್ಕು ಜನ. ಕೊಳ್ಳೇಗಾಲದ ಸೀಮೆಯ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಮಂಟೇಸ್ವಾಮಿ ಕಥೆಗೆ ಕುಳಿತರೆಂದರೆ ಕಲ್ಯಾಣ ಪಟ್ಟಣ ಎದ್ದು ನಿಲ್ಲುತ್ತದೆ. ಅಲ್ಲಿ ಬಸವಣ್ಣನ ಆಶ್ರಯದಲ್ಲಿರುವ ಜಂಗಮರ ಲೆಕ್ಕವೇ 1,96,000. ಅಷ್ಟೂ ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿಯುವಂತೆ ಹೇಸಿಗೆಯ ವೇಷದಲ್ಲಿ ಮಂಟೇಸ್ವಾಮಿ ಬರುತ್ತಾನೆ. ಲಕ್ಷಾಂತರ ಭಕ್ತರ ನಡುವೆ ಅವನನ್ನು ಗುರುತಿಸುವವರು ಬಸವಣ್ಣ ಮತ್ತು ಅವನ ಮಡದಿ ನೀಲಮ್ಮ, ಇಬ್ಬರೇ. ಇಷ್ಟು ದೊಡ್ಡ ಗುಂಪು, ಇಷ್ಟು ಸಣ್ಣ ಉತ್ತರ! ಈ ಅನುಪಾತವನ್ನು ಕೇಳುಗರ ಎದೆಗೆ ಮುಟ್ಟಿಸಲು ನೀಲಗಾರರಿಗೆ ಪರದೆ ಬೇಕಿಲ್ಲ, ದೀಪದ ವ್ಯವಸ್ಥೆ ಬೇಕಿಲ್ಲ.

ಸಂಗೀತ ನಾಟಕ ಎಂದೊಡನೆ ನಮಗೆ ನೆನಪಾಗುವುದು ಕಂಪನಿ ನಾಟಕ. ಅದರ ವೈಭವವೂ ಸಣ್ಣದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಕಂಪನಿಯಲ್ಲಿ ಹೆಸರು ಮಾಡಿದ ನಟರಲ್ಲಿ ಒಬ್ಬರು ಇದೇ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯ. ಅವರ ಮಗ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. ಆನೆಯನ್ನು ರಂಗಕ್ಕೆ ತಂದ ಕಂಪನಿಯ ಕಥೆ ಎಲ್ಲರಿಗೂ ಗೊತ್ತು. ಆನೆಮಲೆಯನ್ನೇ ಜಗಲಿಗೆ ತರುವ ದೇವರಗುಡ್ಡರ ಕಥೆ ಅವರದೇ ಜಿಲ್ಲೆಯಾಚೆ ಬಹಳ ಜನಕ್ಕೆ ಗೊತ್ತಿಲ್ಲ.

ದೇವರಗುಡ್ಡರು ಮಲೆ ಮಾದೇಶ್ವರನ, ಅಂದರೆ ಮಾದಪ್ಪನ, ಹೆಸರಿನಲ್ಲಿ ದೀಕ್ಷೆ ಪಡೆದ ಹಾಡುಗಾರರು. ಅವರ ಮುಖ್ಯ ವಾದ್ಯ ಎರಡೇ ತುಂಡು ಕಂಚು: ಎಡಗೈಯಲ್ಲೊಂದು ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ. ಅದೇ ಕಂಸಾಳೆ. ಅವರು ಹಾಡುವ ಮಲೆ ಮಾದೇಶ್ವರ ಕಾವ್ಯದ ರಂಗಸ್ಥಳದ ಅಳತೆ 77 ಮಲೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹೆಸರು ಹಿಡಿದು ಕರೆಯುತ್ತ ಹೋದರೆ ಹನೂರಿನಾಚೆಯ ಕಾಡು ಸಾಲುಗಟ್ಟಿ ಬರುತ್ತದೆ. ಇಂದಿನ ಸರ್ಕಾರಿ ಲೆಕ್ಕದಲ್ಲೂ ಆ ಕಾಡು ದೊಡ್ಡದೇ. 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 906 ಚದರ ಕಿಲೋಮೀಟರ್. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಮಾದಪ್ಪನಿಗೆ ಗುಡಿ ಕಟ್ಟಿಸಿದ ಜುಂಜೇಗೌಡನ ಊರು ಆಲಂಬಾಡಿಯವರೆಗೂ ಅದು ಹೋಗುತ್ತದೆ. ಇಂದು ಕರ್ನಾಟಕದಲ್ಲಿರುವ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಸರಿದಾಡಿತು, ಹಾಡಿನ ಭೂಪಟ ಹಾಗೆಯೇ ಉಳಿಯಿತು.

ಈ ಕಾವ್ಯದ ಅಧ್ಯಾಯಗಳಿಗೆ ಸಾಲು ಎನ್ನುತ್ತಾರೆ. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ ಒಟ್ಟು ಏಳು. ಒಂದೊಂದೂ ತನ್ನಷ್ಟಕ್ಕೆ ಪೂರ್ತಿ ನಾಟಕ. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣನನ್ನು ಮಾದಪ್ಪ ಗೆಲ್ಲುವುದು ಹರಳಯ್ಯ ಹೊಲಿದ ಪಾದರಕ್ಷೆಯಿಂದ. ಜೇನು ತರಲು ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಅವಳನ್ನು ದಿಗ್ಬಂಧನದಲ್ಲಿ ಬಿಟ್ಟು ಹೋಗುತ್ತಾನೆ. ಅವಳ ಬವಣೆಗೆ ಮಾದಪ್ಪ ಓಗೊಡುತ್ತಾನೆ, ಕಾರಯ್ಯ ಬಿಲ್ಲಯ್ಯ ಎಂಬ ಅವಳಿ ಮಕ್ಕಳನ್ನು ಕರುಣಿಸುತ್ತಾನೆ. ಕನ್ನಡ ರಂಗಭೂಮಿ ಎಷ್ಟೇ ದೊಡ್ಡ ನಾಯಕಿಯರನ್ನು ಕಂಡಿರಲಿ, ಸಂಕಮ್ಮನ ನೋವಿನ ಉದ್ದಕ್ಕೂ ಕಂಸಾಳೆಯವರು ಕೊಡುವ ಸಮಯವನ್ನು ಬೇರೆ ಯಾವ ನಾಟಕವೂ ಒಬ್ಬ ಹೆಂಗಸಿನ ನೋವಿಗೆ ಕೊಟ್ಟಿಲ್ಲ ಎಂದು ನಾನು ನಂಬಿದ್ದೇನೆ.

ಎಷ್ಟು ಸಮಯ? ಹರಕೆ ಹೊತ್ತವರ ಮನೆಯಲ್ಲಿ ಕಥೆ ಮಾಡಿಸಿದರೆ ಒಂದು ಸಾಲಿಗೆ ಇಡೀ ರಾತ್ರಿ ಹಿಡಿಯುತ್ತದೆ. ಒಂಬತ್ತಕ್ಕೆ ಕುಳಿತು ಐದಕ್ಕೆ ಎದ್ದರು ಎಂದು ಹಿಡಿಯಿರಿ, ಎಂಟು ಗಂಟೆ. ಏಳು ಸಾಲಿಗೆ ಏಳು ರಾತ್ರಿ ಎಂದರೆ 56 ಗಂಟೆ. ಪಾಶ್ಚಾತ್ಯ ಸಂಗೀತ ರಂಗಭೂಮಿಯಲ್ಲಿ ಗಾತ್ರಕ್ಕೆ ಹೆಸರಾದ ಕೃತಿ ವಾಗ್ನರನ ‘ರಿಂಗ್’. ಅದನ್ನು ಬರೆದು ಮುಗಿಸಲು ಅವನಿಗೆ 26 ವರ್ಷ ಬೇಕಾಯಿತು. 1876ರಲ್ಲಿ ಬೈರಾಯ್ಟ್‌ನಲ್ಲಿ ಅದಕ್ಕೆಂದೇ ಕಟ್ಟಿಸಿದ ರಂಗಮಂದಿರದಲ್ಲಿ ನಾಲ್ಕು ದಿನ ಅದನ್ನು ಆಡಿದರು. ಅದರ ಒಟ್ಟು ಸಮಯ ಸುಮಾರು 15 ಗಂಟೆ. ವಾದ್ಯದವರೇ ನೂರರ ಆಸುಪಾಸು. ನಮ್ಮಲ್ಲೇ 2010ರಲ್ಲಿ ಮೈಸೂರು ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಒಂಬತ್ತು ಗಂಟೆಗಳ ನಾಟಕ ಮಾಡಿದಾಗ ಜನ ರಾತ್ರಿಯಿಡೀ ಕುಳಿತು ನೋಡಿ ಬೆರಗಾದರು. ಆ ಬೆರಗು ನ್ಯಾಯವಾದದ್ದೇ. ಅಂಥ ರಾತ್ರಿಗಳು ಹನೂರಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದಿವೆ.

ಇನ್ನೊಂದು ಲೆಕ್ಕ ನೋಡೋಣ. ಕಥೆಯಲ್ಲಿ ಹಾಡೂ ಉಂಟು, ಮಾತೂ ಉಂಟು. ಮುಂದಾಳು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿಯುತ್ತಾರೆ. ಅವರು ಹಾಡುವಷ್ಟರಲ್ಲಿ ಮುಂದಿನ ಮಾತು ಮುಂದಾಳಿನ ನಾಲಿಗೆಯ ಮೇಲಿರುತ್ತದೆ. ಎಂಟು ಗಂಟೆಯಲ್ಲಿ ಅರ್ಧ ಹೊತ್ತು ಮಾತ್ರ ಕಂಸಾಳೆ ಬಡಿದರು, ಅದೂ ಸೆಕೆಂಡಿಗೆ ಒಂದೇ ಪೆಟ್ಟು ಎಂದುಕೊಂಡರೂ ಒಂದು ರಾತ್ರಿಗೆ 14,400 ಪೆಟ್ಟು. ಇದರ ನಡುವೆ ಒಬ್ಬನೇ ಮುಂದಾಳು ಮಾದಪ್ಪನಾಗಬೇಕು, ಸಂಕಮ್ಮನಾಗಬೇಕು, ಬೇವಿನಹಟ್ಟಿ ಕಾಳಮ್ಮನೂ ಆಗಬೇಕು. ಎದುರಿಗೆ ಪುಸ್ತಕವಿಲ್ಲ. ಇಡೀ ಕಾವ್ಯ ನೆನಪಿನಲ್ಲೇ ಇದೆ. ಆ ನೆನಪನ್ನು ಅಚ್ಚಿಗೆ ಇಳಿಸಲು ವಿದ್ವಾಂಸರು ವರ್ಷಗಟ್ಟಲೆ ದುಡಿದಿದ್ದಾರೆ. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಗ್ರಹ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. 2001ರಲ್ಲಿ ಅದು ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಯಿತು. ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ವನ್ನು ಬರೆದು ನೀಲಗಾರರ ಕಥೆಯನ್ನು ಆಧುನಿಕ ರಂಗಕ್ಕೆ ತಂದರು.

ಯಳಂದೂರಿನ ಕಡೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಾಡುಗಳಿವೆ. ಆ ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಮದುವೆಯಾದ ಕಥೆ ಅಲ್ಲಿಯದು. ಹಾಗಾಗಿ ಸೋಲಿಗರಿಗೆ ದೇವರು ಭಾವ. ಆ ಭಾವನ ಗಾತ್ರಕ್ಕೂ ಅಳತೆಯಿದೆ. ಎರಡು ವರ್ಷಕ್ಕೊಮ್ಮೆ ಅವನಿಗೆ ಒಪ್ಪಿಸುವ ಚರ್ಮದ ಪಾದರಕ್ಷೆಯ ಉದ್ದ ಒಂದು ಅಡಿ ಒಂಬತ್ತು ಅಂಗುಲ, ಮನುಷ್ಯರ ಪಾದದ ಎರಡರಷ್ಟು. ಗೊರುಕನ ಹಾಡುತ್ತ ಕುಣಿಯುವ ಸೋಲಿಗರಿಗೆ ಆ ಮೆಟ್ಟು ಹಾಕಿಕೊಂಡವನು ತಮ್ಮ ಕಾಡಿನಲ್ಲೇ ತಿರುಗಾಡುವ ನಂಟ.

ಇಷ್ಟು ದೊಡ್ಡದನ್ನು ನಾವು ಎಷ್ಟು ಸಣ್ಣದಾಗಿ ಕೇಳುತ್ತಿದ್ದೇವೆ! ಸಿನಿಮಾದಲ್ಲಿ ಮಾದಪ್ಪನ ಹಾಡು ನಾಲ್ಕೈದು ನಿಮಿಷ. ಉತ್ಸವದ ವೇದಿಕೆಯಲ್ಲಿ ಕಂಸಾಳೆ ತಂಡಕ್ಕೆ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ಅದರಲ್ಲೂ ಕಣ್ಣಿಗೆ ಹಬ್ಬವಾಗುವ ಬೀಸು ಕಂಸಾಳೆಯ ಕುಣಿತಕ್ಕೇ ಆದ್ಯತೆ, ಕಥೆ ಹೊರಗೆ. ಕಾಲು ಗಂಟೆಯಂತೆ ಹಾಡುತ್ತ ಹೋದರೆ 56 ಗಂಟೆಯ ಕಾವ್ಯ ಮುಗಿಯಲು 224 ವೇದಿಕೆ ಬೇಕು. ಅಷ್ಟು ಚೂರಾದ ಮೇಲೆ ಸಂಕಮ್ಮನ ಬವಣೆ ಯಾರಿಗೆ ತಟ್ಟೀತು? ಉದ್ದವೇ ಈ ಕಲೆಯ ಶಕ್ತಿ. ನಡುರಾತ್ರಿ ದಾಟಿ, ಕೇಳುವವರ ದಣಿವೂ ಹಾಡುವವರ ದಣಿವೂ ಒಂದಾದ ಮೇಲೆಯೇ ಕಥೆ ಬಿಗಿಯುತ್ತದೆ.

ಕೇಳಬೇಕೆಂದರೆ ದಾರಿ ದೂರವಿಲ್ಲ. ಜನವರಿಯ ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಸುವುದರೊಂದಿಗೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಐದು ದಿನಗಳ ಜಾತ್ರೆ ಶುರುವಾಗುತ್ತದೆ. ನೀಲಗಾರರು ಅಲ್ಲಿ ಸೇರುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಕೊಳ್ಳೇಗಾಲದಿಂದ ಹನೂರಿನ ಮೇಲೆ ಸುಮಾರು 80 ಕಿಲೋಮೀಟರ್ ಹೋದರೆ ಮಾದಪ್ಪನ ಬೆಟ್ಟ. ಆದರೆ ಜಾತ್ರೆಯ ಗದ್ದಲಕ್ಕಿಂತ ಒಳ್ಳೆಯದು ಕಥೆ ಮಾಡಿಸುವುದು. ನಗರದ ನಾಟಕ ತಂಡಗಳು, ಕಾಲೇಜುಗಳು, ಕನ್ನಡ ಸಂಘಗಳು ವರ್ಷಕ್ಕೊಂದು ರಾತ್ರಿ ಒಂದು ತಂಡವನ್ನು ಕರೆಸಲಿ, ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಸಲಿ, ಇಡೀ ರಾತ್ರಿಯ ದುಡಿಮೆಗೆ ತಕ್ಕ ಸಂಭಾವನೆ ಕೊಡಲಿ. ಹಾಗೆ ಮಾಡಿದರೆ ಏಳು ವರ್ಷದಲ್ಲಿ ಇಡೀ ಮಾದೇಶ್ವರ ಕಾವ್ಯವನ್ನು ಕೇಳಿದ ಒಂದು ಕೂಟ ಸಿದ್ಧವಾಗುತ್ತದೆ. ಅಂಥ ಕೂಟಗಳು ಹತ್ತಾದರೂ ಹುಟ್ಟಿದರೆ, ಈ ಹಾಡುಗಾರರ ಮಕ್ಕಳಿಗೆ ಏಳೂ ಸಾಲನ್ನು ಕಲಿಯಲು ಒಂದು ಕಾರಣ ಸಿಗುತ್ತದೆ.