ಭೂಮಿಯ ಒಳರಚನೆ: ಒಂದು ತಪ್ಪು ಉತ್ತರ ಕಲಿಸಿದ್ದು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆ. ನನ್ನ ವಿಷಯ ಭೌತಶಾಸ್ತ್ರ. ಆದರೆ ಸಮಾಜ ವಿಜ್ಞಾನದ ಮೇಡಂ ರಜೆಯಲ್ಲಿದ್ದುದರಿಂದ ಎಂಟನೇ ತರಗತಿಯ ‘ಭೂಮಿಯ ಒಳರಚನೆ’ ಪಾಠ ನನ್ನ ಪಾಲಿಗೆ ಬಂತು. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಚಾರ್ಟ್ ಬರೆದುಕೊಂಡು ಹೋದೆ. ಮ್ಯಾಂಟಲ್‌ಗೆ ಲಾವಾದ ಹಾಗೆ ಕೆಂಪು ಬಳಿದಿದ್ದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡ್ತಿದ್ರು. ಕೆಳಗೆ ಹೋದಷ್ಟೂ ಸುಡ್ತಿತ್ತಂತೆ. ಹಂಗಾದ್ರೆ ಇನ್ನೂ ಕೆಳಗೆ ಎಲ್ಲಾ ಕರಗಿ ನೀರಾಗಿರತ್ತಾ?”

“ಹೌದು, ಸರಿಯಾಗಿ ಹೇಳಿದೆ” ಎಂದುಬಿಟ್ಟೆ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ನನ್ನ ಪಾಠಯೋಜನೆ ಪುಸ್ತಕದಲ್ಲಿ ಒಂದೇ ಸಾಲು ಬರೆದರು: “ಮ್ಯಾಂಟಲ್ ದ್ರವವೇ? ಅಡ್ಡ ಅಲೆಗಳನ್ನು ನೆನಪಿಸಿಕೊಳ್ಳಿ.” ಓದಿ ನಾಚಿಕೆಯಾಯಿತು. ಅಡ್ಡ ಅಲೆಗಳು ದ್ರವದ ಒಳಗೆ ಸಾಗುವುದಿಲ್ಲ ಎಂದು ಬಿಎಸ್‌ಸಿಯಲ್ಲಿ ಓದಿದವಳು ನಾನೇ.

ಮರುದಿನ ಚಾರ್ಟ್ ಬಿಟ್ಟು ಹೋದೆ. ಮೊದಲು ಕಪ್ಪುಹಲಗೆಯ ಮೇಲೆ 64 ಸೆಂ.ಮೀ. ಉದ್ದದ ಗೆರೆ ಎಳೆದೆ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ.; ಅಂದರೆ ಒಂದು ಸೆಂಟಿಮೀಟರಿಗೆ 100 ಕಿ.ಮೀ. ಈ ಅಳತೆಯಲ್ಲಿ ಸುಮಾರು 3.2 ಕಿ.ಮೀ. ಆಳದ ಚಾಂಪಿಯನ್ ರೀಫ್ ಗಣಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಮಾತ್ರ. ರಷ್ಯಾದ ಕೋಲಾದಲ್ಲಿ ಕೊರೆದ 12 ಕಿ.ಮೀ. ಆಳದ ರಂಧ್ರ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಖಂಡಗಳ ಕೆಳಗಿನ ಭೂಕವಚ ಸರಾಸರಿ 35 ಕಿ.ಮೀ. ದಪ್ಪ, ಅಂದರೆ ಹಲಗೆಯ ಮೇಲೆ ಮೂರೂವರೆ ಮಿಲಿಮೀಟರ್. “ಮತ್ತೆ ಒಳಗೆ ಏನಿದೆ ಅಂತ ಯಾರು ನೋಡಿದ್ರು ಮಿಸ್?” ಎಂದು ಮಕ್ಕಳೇ ಕೇಳಿದರು.

ನೋಡಿದವರಿಲ್ಲ, ಭೂಕಂಪದ ಅಲೆಗಳು ಹೇಳಿದವು. ಹತ್ತು ಮಕ್ಕಳನ್ನು ಸಾಲಾಗಿ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಲು ಹೇಳಿದೆ. ಇದು ಘನ. ತುದಿಯವನನ್ನು ಪಕ್ಕಕ್ಕೆ ತಳ್ಳಿದರೆ ತಳ್ಳು ಸಾಲಿನುದ್ದಕ್ಕೂ ಹೋಯಿತು: ಪ್ರಾಥಮಿಕ ಅಲೆ. ಅವನನ್ನು ಮುಂದಕ್ಕೆ ಬಗ್ಗಿಸಿದರೆ ಎಲ್ಲರೂ ಒಬ್ಬರ ಹಿಂದೊಬ್ಬರು ಬಗ್ಗಿದರು: ದ್ವಿತೀಯಕ ಅಲೆ. ಈಗ ಕೈ ಬಿಡಿಸಿದೆ, ಇದು ದ್ರವ. ತಳ್ಳು ಈಗಲೂ ಹೋಯಿತು. ಬಗ್ಗಿದವನು ಮಾತ್ರ ಒಬ್ಬನೇ ಬಗ್ಗಿದ.

ದ್ವಿತೀಯಕ ಅಲೆಗಳು ಮ್ಯಾಂಟಲ್ ದಾಟಿ ಬರುತ್ತವೆ. ಆದ್ದರಿಂದ ಅದು ಘನ. ಬಿಸಿ ಅಪಾರವಾದರೂ ಮೇಲಿನ ಶಿಲೆಯ ಒತ್ತಡದಿಂದ ಕರಗುವ ಬಿಂದು ಏರುತ್ತದೆ. ಕೆಲವೆಡೆ ಅಲ್ಪಭಾಗ ಮಾತ್ರ ಕರಗಿ ಶಿಲಾಪಾಕವಾಗುತ್ತದೆ. ಆದರೆ ಸುಮಾರು 2,900 ಕಿ.ಮೀ. ಆಳದಲ್ಲಿ ಈ ಅಲೆಗಳು ನಿಂತುಬಿಡುತ್ತವೆ. ಅಲ್ಲಿಂದ 5,150 ಕಿ.ಮೀ. ವರೆಗಿನ ಹೊರ ಕೇಂದ್ರಗೋಳ ದ್ರವ, ಅದರೊಳಗಿನದು ಘನ. 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ್ದ ಆರ್. ಡಿ. ಓಲ್ಡಮ್ 1906ರಲ್ಲಿ ಕೇಂದ್ರಗೋಳಕ್ಕೆ ಪುರಾವೆ ಕೊಟ್ಟರು. ಒಳ ಕೇಂದ್ರಗೋಳವನ್ನು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಇಂಗೆ ಲೇಮನ್.

“ಹಂಗಾದ್ರೆ ತಾತ ಹೇಳಿದ್ದು ಸುಳ್ಳಾ ಮಿಸ್?” ಎಂದ ಅದೇ ಹುಡುಗ.

“ಇಲ್ಲಪ್ಪ, ತಾತ ಹೇಳಿದ್ದು ನಿಜ. ಕೆಳಗೆ ಹೋದಷ್ಟೂ ಬಿಸಿ. ನಿನ್ನೆ ತಪ್ಪು ಹೇಳಿದ್ದು ನಾನು.”

ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಚಾರ್ಟಿನಲ್ಲಿ ಮ್ಯಾಂಟಲನ್ನು ಲಾವಾದಂತೆ ಬಿಡಿಸಬೇಡಿ. ಪದರಗಳ ಹೆಸರಿಗೆ ಮುಂಚೆ, ಅವು ನಮಗೆ ಹೇಗೆ ಗೊತ್ತಾದವು ಎಂಬುದನ್ನು ಹೇಳಿ. ಹೆಸರು ಆಮೇಲೆ ತಾನಾಗಿ ನಿಲ್ಲುತ್ತದೆ.