ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಕೈಕಸಬುಗಳೂ ಅಂತರ್ಜಾಲದ ಮಾರಾಟವೂ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು ಮಳೆ ಸಾಲದ ಬಯಲು ಸೀಮೆ. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಹಳೇಬೀಡು, ಬೇಲೂರುಗಳ ಭೂಮಿಯು ಕ್ರಮೇಣ ಮಲೆನಾಡಿನ ಸೆರಗನ್ನು ಸೇರುತ್ತದೆ. ಮೊದಲನೆಯ ಕಡೆ ತೆಂಗು ರಾಗಿಗಳೂ, ಎರಡನೆಯ ಕಡೆ ಬತ್ತ ಕಾಫಿಗಳೂ ಮುಖ್ಯ ಫಸಲುಗಳಾಗಿರುವುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಈ ಹಳ್ಳಿಗಳಲ್ಲಿ ಬೇಸಾಯದ ಜೊತೆಯಲ್ಲಿಯೇ ಕೈಕಸಬುಗಳೂ ತಲೆತಲಾಂತರದಿಂದ ನಡೆದುಬಂದಿವೆ. ಬೇಲೂರು ಹಳೇಬೀಡುಗಳಲ್ಲಿ ಬಳಪದ ಕಲ್ಲಿನ ವಿಗ್ರಹ ಕೆತ್ತುವವರು, ಅರಸೀಕೆರೆಯ ಕಡೆ ತೆಂಗಿನ ನಾರಿನಿಂದ ಹಗ್ಗ ಹೊಸೆಯುವವರು, ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರು, ಬಿದಿರಿನ ಬುಟ್ಟಿ ಮೊರಗಳನ್ನು ಹೆಣೆಯುವ ಮೇದರು, ಇವರೆಲ್ಲರೂ ನಮ್ಮ ಗ್ರಾಮಗಳ ಜನರೇ. ಇವರಲ್ಲಿ ಕೆಲವರು ಈಚೆಗೆ ತಮ್ಮ ಸಾಮಾನುಗಳನ್ನು ಅಂತರ್ಜಾಲದ ಮೂಲಕ ದೂರದ ಗಿರಾಕಿಗಳಿಗೆ ಮಾರಲು ತೊಡಗಿದ್ದಾರೆ. ಈ ಮಾರಾಟದ ಲಾಭನಷ್ಟಗಳನ್ನೂ, ಇದರಲ್ಲಿ ಗ್ರಾಮದ ಮುಖಂಡರು ಮಾಡಬೇಕಾದ ಕೆಲಸವನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

ವ್ಯವಸಾಯದ ಪತ್ರಿಕೆಯಲ್ಲಿ ಕಲ್ಲುಕೆತ್ತನೆ ಕಂಬಳಿಗಳ ಮಾತೇಕೆಂದು ಕೆಲವರು ಕೇಳಬಹುದು. ನಾರು ಬರುವುದು ಜಮೀನುದಾರರ ತೋಟದಿಂದ. ಉಣ್ಣೆ ಬರುವುದು ಹೊಲದ ಕೂಳೆಯಲ್ಲಿ ಮೇಯುವ ಕುರಿಯಿಂದ. ಬಿದಿರು ಬರುವುದು ಬೇಲಿಯ ಮೆಳೆಯಿಂದ. ಸುಗ್ಗಿಯಲ್ಲಿ ಕೊಯ್ಲಿಗೆ ಒದಗುವ ಕೈಗಳೇ ಬೇಸಗೆಯಲ್ಲಿ ಈ ಕಸಬುಗಳನ್ನು ಹಿಡಿಯುವುದುಂಟು. ಕಸಬಿನಿಂದ ಬೇಸಗೆಯ ನಾಲ್ಕು ತಿಂಗಳು ಕಳೆಯುವಂತಾದರೆ ಆ ಸಂಸಾರವು ಊರಿನಲ್ಲಿಯೇ ನಿಲ್ಲುವುದು. ಇಲ್ಲವಾದರೆ ಬೆಂಗಳೂರಿನ ದಾರಿ ಹಿಡಿಯುವುದು. ಮುಂದಿನ ಮುಂಗಾರಿಗೆ ಬಿತ್ತನೆಗೆ ಆಳು ಸಿಕ್ಕದೆ ಜಮೀನುದಾರರೇ ಕಷ್ಟಪಡಬೇಕಾಗುವುದು. ಆದುದರಿಂದ ಕಸಬುದಾರರ ಕ್ಷೇಮದಲ್ಲಿ ಬೇಸಾಯಗಾರರ ಕ್ಷೇಮವೂ ಅಡಗಿದೆ.

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಿತವಾಯಿತು. ಅದಕ್ಕೆ ಉಪಯೋಗಿಸಿದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿ ತಗಲುತ್ತ ಬಂದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ಕೂದಲೆಳೆಯಂಥ ಕುಸುರಿ ಕೆಲಸ ಅದರಲ್ಲಿ ಸಾಧ್ಯವಾಯಿತು. ಅಲ್ಲಿನ ಶಿಲ್ಪಿಗಳು ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿಟ್ಟರೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳನ್ನು ಮದನಿಕೆಯರ ಕೆಳಗೆ ಈಗಲೂ ಓದಬಹುದು. ಒಂಬೈನೂರು ವರ್ಷಗಳ ಹಿಂದೆ ಕೆಲಸಗಾರನಿಗೆ ಸಂದ ಈ ಮರ್ಯಾದೆಯು ಈಗ ದೇವಾಲಯದ ಬಾಗಿಲಲ್ಲಿ ಮಾರಾಟವಾಗುವ ವಿಗ್ರಹಕ್ಕೆ ಸಾಮಾನ್ಯವಾಗಿ ಇಲ್ಲ. ಕೆತ್ತಿದವನು ಯಾರೆಂಬುದು ಕೊಂಡವನಿಗೆ ತಿಳಿಯದು. ಕೊಂಡವನು ಯಾರೆಂಬುದು ಕೆತ್ತಿದವನಿಗೂ ತಿಳಿಯದು. ನಡುವಣ ವರ್ತಕನೊಬ್ಬನೇ ಇಬ್ಬರನ್ನೂ ಬಲ್ಲವನು.

ಬಾಗಿಲ ವ್ಯಾಪಾರವನ್ನೇ ನಂಬಿರುವುದರಲ್ಲಿ ಇನ್ನೊಂದು ಅಪಾಯವೂ ಉಂಟು. 2020ರ ಮಾರ್ಚಿ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ನಿಮಿತ್ತ ದೇಶದ ಸಂರಕ್ಷಿತ ಸ್ಮಾರಕಗಳೆಲ್ಲ ಮುಚ್ಚಲ್ಪಟ್ಟಾಗ ಯಾತ್ರಿಕರು ನಿಂತರು. ಯಾತ್ರಿಕರು ನಿಂತೊಡನೆ ಅವರನ್ನೇ ನಂಬಿದ್ದ ವ್ಯಾಪಾರವೂ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇದರಿಂದ ಈ ಊರುಗಳ ಹೆಸರು ದೂರದೂರಕ್ಕೆ ಮುಟ್ಟಿದೆ. ಬರಲಾರದ ಗಿರಾಕಿಗೂ ಸಾಮಾನು ಮುಟ್ಟುವಂತೆ ಮಾಡುವುದೇ ಈಗ ಉಳಿದಿರುವ ಕೆಲಸ.

ಅಂತರ್ಜಾಲದ ಮಾರಾಟವೆಂದರೆ ಬೆರಗುಪಡುವಂಥ ವಿದ್ಯೆಯೇನೂ ಅಲ್ಲ. ಹಿಂದಿನ ಕಾಲದಲ್ಲಿ ಬೆಲೆಪಟ್ಟಿಯನ್ನು ನೋಡಿ ಕಾಗದ ಬರೆದು, ವಿ.ಪಿ. ಅಂಚೆಯಲ್ಲಿ ಸಾಮಾನು ತರಿಸಿಕೊಂಡು, ಅಂಚೆಯವನ ಕೈಗೆ ಹಣ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಈಗ ಬೆಲೆಪಟ್ಟಿಯ ಸ್ಥಳದಲ್ಲಿ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರವಿದೆ. ಕಾಗದದ ಸ್ಥಳದಲ್ಲಿ ಬೆರಳಿನ ಒತ್ತು ಇದೆ. ಉಳಿದುದೆಲ್ಲ ಹಿಂದಿನಂತೆಯೇ. ಗಿರಾಕಿಯು ಸಾಮಾನನ್ನು ಮುಟ್ಟಿ ನೋಡಲಾರನು. ಮಾರುವವನ ಮಾತನ್ನು ನಂಬಿ ಹಣ ಕೊಡುತ್ತಾನೆ. ಮಾತು ನಿಂತರೆ ವ್ಯಾಪಾರ ನಿಲ್ಲುವುದು. ಮಾತು ತಪ್ಪಿದರೆ ಸಾಮಾನು ಹಿಂದಕ್ಕೆ ಬರುವುದು.

ಇದರಲ್ಲಿ ನಿಜವಾಗಿ ಎಷ್ಟು ಲಾಭವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಲ್ಲಿ ಕೊಟ್ಟಿರುವ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆಯಾ ಕಸಬುದಾರರು ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡತಕ್ಕದ್ದು. ಮೂರು ದಿನಗಳಲ್ಲಿ ಕೆತ್ತಿದ ಒಂದು ವಿಗ್ರಹಕ್ಕೆ 150 ರೂಪಾಯಿನ ಕಲ್ಲು ಹಿಡಿಯಿತೆಂದೂ, ಅದನ್ನು ಊರಿನ ವರ್ತಕನು 700 ರೂಪಾಯಿಗೆ ನಗದಾಗಿ ಕೊಳ್ಳುವನೆಂದೂ ಇಟ್ಟುಕೊಳ್ಳೋಣ. ಕೆಲಸಗಾರನಿಗೆ ಉಳಿಯುವುದು 550 ರೂಪಾಯಿ, ಎಂದರೆ ದಿನಕ್ಕೆ 183. ಅದೇ ವಿಗ್ರಹವನ್ನು ಅಂತರ್ಜಾಲದ ಅಂಗಡಿಯಲ್ಲಿ 1,500 ರೂಪಾಯಿಗೆ ಮಾರಿದರೆ, ನೂರಕ್ಕೆ ಹದಿನೈದರಂತೆ ಅಂಗಡಿಯ ದಲ್ಲಾಳಿ 225, ಕಟ್ಟುವ ಖರ್ಚು 100, ಸಾಗಾಣೆ 200, ಕಲ್ಲು 150 ಕಳೆದು 825 ರೂಪಾಯಿ ಉಳಿಯುವುದು, ದಿನಕ್ಕೆ 275.

ಆದರೆ ಎಲ್ಲ ವಿಗ್ರಹಗಳೂ ಕ್ಷೇಮವಾಗಿ ಮುಟ್ಟಿದರೆ ಮಾತ್ರ ಈ ಲೆಕ್ಕ. ಹತ್ತು ಕಳುಹಿಸಿದುದರಲ್ಲಿ ಒಂದು ಮುರಿದು, ಹಣವನ್ನು ಹಿಂದಕ್ಕೆ ಕೊಟ್ಟು, ಅದನ್ನು ತರಿಸಿಕೊಳ್ಳುವ 200 ರೂಪಾಯಿ ಸಾಗಾಣೆಯೂ ಮಾರುವವನ ತಲೆಗೇ ಬಂದರೆ ದಿನದ ಆದಾಯ 226ಕ್ಕೆ ಇಳಿಯುವುದು. ಎರಡು ಮುರಿದರೆ 177 ಆಗುವುದು. ಇದು ಊರಿನ ವರ್ತಕನು ಕೊಡುತ್ತಿದ್ದುದಕ್ಕಿಂತಲೂ ಕಡಿಮೆ! ಹಣ ಕೈಸೇರಲು ಕಾಯುವ ದಿನಗಳು ಬೇರೆ. ಆದಕಾರಣ ಅಂತರ್ಜಾಲವೇ ಲಾಭವನ್ನು ತರುವುದಿಲ್ಲ. ಸರಿಯಾದ ವಿವರಣೆಯೂ ಭದ್ರವಾದ ಕಟ್ಟೂ ಲಾಭವನ್ನು ಉಳಿಸುತ್ತವೆ ಎಂಬುದೇ ಈ ಲೇಖನದ ಮುಖ್ಯ ಮಾತು.

ಮೊದಲು ವಿವರಣೆಯ ವಿಚಾರ. ತನಿಖೆಗಾಗಿ ಹಳ್ಳಿಗಳಲ್ಲಿ ಸಂಚರಿಸುವಾಗ ಈ ಲೇಖಕನು ಪಟ್ಟಣದಿಂದ ವಾಪಸು ಬಂದ ಒಂದು ಕಂಬಳಿಯನ್ನು ಕಂಡನು. ನೇಯ್ಗೆ ಬಿಗಿಯಾಗಿತ್ತು, ಉಣ್ಣೆ ಶುದ್ಧವಾಗಿತ್ತು. ಆದರೂ ಅದಕ್ಕೆ ವಾಸನೆಯಿದೆ, ಮೈಗೆ ಚುಚ್ಚುತ್ತದೆ ಎಂದು ಗಿರಾಕಿಯು ಹಿಂದಿರುಗಿಸಿದ್ದನು. ಹುರಿಗೆ ಹುಣಿಸೇಬೀಜದ ಗಂಜಿ ಹಾಕುವುದೂ, ನಾಟಿ ಉಣ್ಣೆ ಒರಟಾಗಿರುವುದೂ ನಮಗೆ ಹೇಳಬೇಕಾದ ಸಂಗತಿಗಳಲ್ಲ. ಪಟ್ಟಣದವರಿಗೆ ಹೇಳಲೇಬೇಕಾದ ಸಂಗತಿಗಳು. “ಗಂಜಿಯ ವಾಸನೆ ಕೆಲವು ದಿನ ಇರುವುದು, ಗಾಳಿಗೆ ಹಾಕಿದರೆ ಕಡಿಮೆಯಾಗುವುದು, ನೆಲಕ್ಕೆ ಹಾಸಲು, ಮೇಲೆ ಹೊದೆಯಲು ತಕ್ಕದ್ದು, ಬರಿಮೈಗೆ ಒರಟು” ಎಂದು ಮೊದಲೇ ಬರೆದಿದ್ದರೆ ಬೇಡದವನು ಕೊಳ್ಳುತ್ತಲೇ ಇರಲಿಲ್ಲ, ಬೇಕಾದವನು ಸಂತೋಷದಿಂದ ಇಟ್ಟುಕೊಳ್ಳುತ್ತಿದ್ದನು. ಉದ್ದ, ಅಗಲ, ತೂಕಗಳನ್ನು ಅಳೆದು ಬರೆಯಬೇಕು. ಚಿತ್ರವನ್ನು ಹಗಲು ಬೆಳಕಿನಲ್ಲಿ, ನೆರಳಿನಲ್ಲಿಟ್ಟು ತೆಗೆಯಬೇಕು. ಕಲ್ಲಿನ ಬಣ್ಣ ಚಿತ್ರದಲ್ಲಿ ಬೇರೆಯಾಗಿ ಕಂಡರೆ ಅದನ್ನೂ ತಿಳಿಸಬೇಕು. ಯಂತ್ರದಲ್ಲಿ ಕೊರೆದುದನ್ನು ಕೈಯಲ್ಲಿ ಕೆತ್ತಿದ್ದೆಂದು ಎಂದಿಗೂ ಬರೆಯಕೂಡದು. ಹಾಗೆ ಒಬ್ಬನು ಮಾಡಿದ ಮೋಸಕ್ಕೆ ಊರೆಲ್ಲ ದಂಡ ತೆರಬೇಕಾಗುವುದು.

ಇನ್ನು ಕಟ್ಟುವ ವಿಚಾರ. ವಿಗ್ರಹವು ಮುರಿಯುವುದು ಹೆಚ್ಚಾಗಿ ಬೆರಳು, ಆಯುಧ, ಪ್ರಭಾವಳಿಗಳಂಥ ತೆಳುವಾದ ಕಡೆಗಳಲ್ಲಿ. ಆ ಸಂದುಗಳಿಗೆ ಮೊದಲು ಮೆತ್ತನೆಯ ಬಟ್ಟೆ ತುಂಬಿ, ಪೆಟ್ಟಿಗೆಯ ಆರು ಮುಖಗಳಿಗೂ ಕನಿಷ್ಠ ಎರಡು ಅಂಗುಲ ದಪ್ಪದ ಮೆತ್ತೆ ಬರುವಂತೆ ಇಟ್ಟು, ಅಲುಗಾಡಿಸಿದರೆ ಸದ್ದಾಗದಂತೆ ಬಿಗಿಯಬೇಕು. ಈ ಮೆತ್ತೆಗೆ ಅರಸೀಕೆರೆಯ ತೆಂಗಿನ ನಾರು ಬಹಳ ಯೋಗ್ಯವಾದುದು. ಕೊಬ್ಬರಿ ಮಾಡುವ ನಮ್ಮ ತೋಟಗಳಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸುವುದರಿಂದ ಸಿಪ್ಪೆ ಬೇಕಾದಷ್ಟು ದೊರೆಯುವುದು. ಅದರಲ್ಲಿ ಎಷ್ಟೋ ಭಾಗ ಒಲೆಗೆ ಹೋಗುತ್ತದೆ. ನಾರನ್ನು ಬಿಡಿಸಿ, ಪುಡಿ ಒದರಿ, ಚೆನ್ನಾಗಿ ಒಣಗಿಸಿ ಉಪಯೋಗಿಸಬೇಕು. ಹಸಿಯಿದ್ದರೆ ಬೂಷ್ಟು ಹಿಡಿಯುವುದು, ಕಲ್ಲಿಗೆ ಕರೆಯಾಗುವುದು. ಹೀಗೆ ಒಂದು ತಾಲ್ಲೂಕಿನ ಕಸವು ಇನ್ನೊಂದು ತಾಲ್ಲೂಕಿನ ಕಸಬಿಗೆ ರಕ್ಷೆಯಾಗುವುದು.

ಪರದೇಶಕ್ಕೆ ಕಳುಹಿಸುವಾಗ ಮಾತ್ರ ಎಚ್ಚರವಿರಲಿ. ಹುಲ್ಲು ಮುಂತಾದ ಗಿಡದ ಪದಾರ್ಥಗಳ ಮೂಲಕ ಕೀಟರೋಗಗಳು ಹರಡುವುದರಿಂದ ಅನೇಕ ದೇಶಗಳು ಅವುಗಳಿಗೆ ನಿರ್ಬಂಧ ಹಾಕಿವೆ. ಆದುದರಿಂದ ಹೊರದೇಶದ ಕಟ್ಟಿಗೆ ಕಾಗದದ ಅಥವಾ ಕೃತಕ ಮೆತ್ತೆಯೇ ಲೇಸು. ಹಸಿಮರದ ಹಲಗೆಯ ಪೆಟ್ಟಿಗೆಯಾದರೆ ಮರದ ತಿರುಳು 56 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 30 ನಿಮಿಷ ಇರುವಂತೆ ಕಾಯಿಸಿ ಮುದ್ರೆ ಹಾಕಿಸಿರಬೇಕೆಂಬುದು ಸಾಮಾನ್ಯವಾದ ಅಂತರರಾಷ್ಟ್ರೀಯ ನಿಯಮ. ಮತ್ತೊಂದು ಮುಖ್ಯ ವಿಷಯವೇನೆಂದರೆ, 1972ರ ಕಾನೂನಿನ ಮೇರೆಗೆ ಪುರಾತನ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವುದು ನಿಷಿದ್ಧ. ಹೊಸ ವಿಗ್ರಹಕ್ಕೆ ಹಳೆಯ ಬಣ್ಣ ಕಟ್ಟಿ ‘ಪ್ರಾಚೀನ’ವೆಂದು ಬರೆದವನು ಗಿರಾಕಿಗೂ ಮೋಸ ಮಾಡಿದಂತೆ, ಸುಂಕದ ಕಟ್ಟೆಯಲ್ಲಿ ತನ್ನ ಸಾಮಾನನ್ನೂ ತಡೆಸಿಕೊಂಡಂತೆ. ಬಿಲ್ಲಿನಲ್ಲಿ ಮಾಡಿದ ವರ್ಷವನ್ನು ಸ್ಪಷ್ಟವಾಗಿ ಕಾಣಿಸತಕ್ಕದ್ದು.

ಸರ್ಕಾರದ ಅನುಕೂಲಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. 17 ಸೆಪ್ಟೆಂಬರ್ 2023ರಲ್ಲಿ ಪ್ರಾರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸಬುಗಳು ಸೇರಿದ್ದು, ಶಿಲ್ಪಿಗಳೂ, ಬುಟ್ಟಿ ಚಾಪೆ ಹೆಣೆಯುವವರೂ, ತೆಂಗಿನ ನಾರಿನ ಕೆಲಸಗಾರರೂ ಅದರಲ್ಲಿದ್ದಾರೆ. ಕಂಬಳಿ ನೇಯುವವರು ಆ ಪಟ್ಟಿಯಲ್ಲಿಲ್ಲ. ಅವರು ಕೈಮಗ್ಗದ ಇಲಾಖೆಯನ್ನು ವಿಚಾರಿಸಬೇಕು. ಯೋಜನೆಗೆ ಸೇರಿಸಲ್ಪಟ್ಟವರಿಗೆ ತರಬೇತಿನ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯ, ಸಲಕರಣೆಗೆ 15,000 ರೂಪಾಯಿ, ಆಧಾರವಿಲ್ಲದೆ ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ ರೂಪಾಯಿನ ವರೆಗೆ ಸಾಲ ವಿಧಿಸಲ್ಪಟ್ಟಿವೆ. ಅರ್ಜಿಯ ಮೊದಲನೆಯ ಪರಿಶೀಲನೆ ಗ್ರಾಮ ಪಂಚಾಯಿತಿಯದೇ. ಎರಡನೆಯದಾಗಿ, 1 ಅಕ್ಟೋಬರ್ 2023ರಿಂದ ಈಚೆಗೆ, ಜಿ.ಎಸ್.ಟಿ. ಮಿತಿಯೊಳಗಿನ ಸಣ್ಣ ಮಾರಾಟಗಾರರು ಒಂದು ದಾಖಲೆ ಸಂಖ್ಯೆಯನ್ನು ಮಾತ್ರ ಪಡೆದು, ಅಂತರ್ಜಾಲದ ಅಂಗಡಿಗಳ ಮೂಲಕ ರಾಜ್ಯದೊಳಗೆ ಮಾರಬಹುದಾಗಿದೆ. ರಾಜ್ಯದ ಹೊರಗೆ ಮಾರುವ ಮುನ್ನ ತೆರಿಗೆಯ ವಿಚಾರ ಬಲ್ಲವರನ್ನು ಕೇಳಿಕೊಳ್ಳುವುದು ಉತ್ತಮ.

ಈ ಸಂಬಂಧದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಬಹುದಾದ ಕೆಲಸಗಳು ಯಾವುವೆಂದರೆ:

(1) ಪಂಚಾಯಿತಿಗೆ ಬಂದ ಕಸಬುದಾರರ ಅರ್ಜಿಗಳನ್ನು ಪಕ್ಷಪಾತವಿಲ್ಲದೆ ಕೂಡಲೇ ಪರಿಶೀಲಿಸಿ ಕಳುಹಿಸುವುದು. ಕಸಬನ್ನೇ ಅರಿಯದವನ ಹೆಸರು ಸೇರಿದರೆ ಅರಿತವನ ಪಾಲು ಹೋಗುವುದು.

(2) ಊರಿನಲ್ಲಿ ಒಂದು ಒಣಗಿದ ಕೊಠಡಿಯನ್ನು ಕಟ್ಟು ಕಟ್ಟುವುದಕ್ಕೆ ಬಿಟ್ಟುಕೊಡುವುದು; ತಕ್ಕಡಿ, ಅಳತೆಪಟ್ಟಿಗಳನ್ನು ಅಲ್ಲಿಡಿಸುವುದು.

(3) ಓದುಬರಹ ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತುಮಾಡಿ, ಹತ್ತು ಮನೆಯವರ ಚಿತ್ರ, ವಿವರಣೆ, ಲೆಕ್ಕಗಳನ್ನು ನೋಡಿಕೊಳ್ಳುವಂತೆ ಏರ್ಪಡಿಸುವುದು. ಅವರ ಸಂಬಳವನ್ನು ಮಾರಾಟವಾದ ಸಾಮಾನಿನ ಮೇಲೆ ಎಲ್ಲರೂ ಹಂಚಿಕೊಳ್ಳಬೇಕು.

(4) ಸಿಪ್ಪೆ, ಬಿದಿರು, ಉಣ್ಣೆಗಳನ್ನು ಹೊರಗಿನವರಿಗೆ ಕೊಡುವ ಮುನ್ನ ಊರಿನ ಕಸಬುದಾರರಿಗೆ ನ್ಯಾಯವಾದ ಬೆಲೆಗೆ ಕೊಡುವುದು.

(5) ಹಣ ಪಡೆಯುವುದಕ್ಕೆ ಮೊಬೈಲಿನಲ್ಲಿ ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಲ್ಲವೆಂಬುದನ್ನು ಎಲ್ಲರಿಗೂ ಮನದಟ್ಟು ಮಾಡುವುದು. ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ.

(6) ಪ್ರತಿಯೊಂದು ಕಟ್ಟಿನೊಳಗೂ ಮಾಡಿದವರ ಹೆಸರು, ಊರು, ಸಾಮಾನಿನ ವಿವರಗಳಿರುವ ಒಂದು ಚೀಟಿಯನ್ನು ಇಡಿಸುವುದು.

ಕೊನೆಯದಾಗಿ ಒಂದು ಮಾತನ್ನು ವಿನಯದಿಂದ ಅರಿಕೆ ಮಾಡಬೇಕಾಗಿದೆ. ಮುಂಗಡ ಕೊಟ್ಟು ಸಾಮಾನನ್ನು ಅಗ್ಗವಾಗಿ ಹಿಡಿದು, ತಮ್ಮ ಹೆಸರಿನಲ್ಲಿ ಅಂತರ್ಜಾಲದಲ್ಲಿ ಮಾರುವುದು ಹಣವುಳ್ಳವರಿಗೆ ಕಷ್ಟವಲ್ಲ. ಹಾಗಾದಲ್ಲಿ ಹಳೆಯ ವರ್ತಕನು ಹೋಗಿ ಹೊಸ ವರ್ತಕನು ಬಂದಂತಾಯಿತೇ ಹೊರತು ಕೆಲಸಗಾರನ ಸ್ಥಿತಿಯಲ್ಲಿ ಏನೂ ಬದಲಾಗಲಿಲ್ಲ. ಮಾರಾಟದ ಖಾತೆಯೂ, ಹಣ ಜಮೆಯಾಗುವ ಬ್ಯಾಂಕಿನ ಲೆಕ್ಕವೂ ಮಾಡಿದವರ ಹೆಸರಿನಲ್ಲಿಯೇ ಇರತಕ್ಕದ್ದು. ವಿವೇಕಿಗಳಾದ ಜಮೀನುದಾರರಿಗೆ ಇದರಿಂದ ನಷ್ಟವಿಲ್ಲ. ಅವರ ತೋಟದ ಸಿಪ್ಪೆಗೆ ಬೆಲೆ ಬರುವುದು, ಸುಗ್ಗಿಗೆ ಆಳು ಊರಿನಲ್ಲಿರುವರು. ಬರುವ ಬೇಸಗೆಯೊಳಗೆ ಪ್ರತಿ ಗ್ರಾಮದ ಮುಖಂಡರೂ ತಮ್ಮಲ್ಲಿರುವ ಕಸಬುದಾರರ ಪಟ್ಟಿಯೊಂದನ್ನು ತಯಾರಿಸಿ, ಮೇಲ್ಕಂಡ ಏರ್ಪಾಡುಗಳಲ್ಲಿ ಒಂದನ್ನಾದರೂ ಕೈಗೊಳ್ಳುವರೆಂದು ನಂಬಲಾಗಿದೆ.