ಕನ್ನಡಕದೊಳಗಿನ ಊರು

ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಮೇಜುಗಳನ್ನೊರಸಿ, ಮರುದಿನದ ಹಿಟ್ಟನ್ನು ರುಬ್ಬಿಟ್ಟ ಮೇಲೆ ನಮ್ಮ ಹುಡುಗರು ಮಲಗುವ ಮುನ್ನ ಅರ್ಧ ಗಂಟೆಯಾದರೂ ಮೊಬೈಲ್ ಫೋನಿನಲ್ಲಿ ಆಟವಾಡುವುದು ಈಗ ಎಲ್ಲೆಡೆಯೂ ಕಾಣತಕ್ಕ ಸಂಗತಿ. ಹಿರಿಯರು ಇದನ್ನು ಕಂಡು ಮುಖ ಸಿಂಡರಿಸುವುದುಂಟು. ಅವರ ಅಸಮಾಧಾನಕ್ಕೆ ಕಾರಣವಿಲ್ಲದಿಲ್ಲ. ಹಣ ಕಟ್ಟಿ ರಮ್ಮಿಯಾಡಿ ತಿಂಗಳ ಸಂಬಳವನ್ನು ಒಂದೇ ರಾತ್ರಿಯಲ್ಲಿ ನೀಗಿಕೊಂಡವರ ಕಥೆಗಳನ್ನು ಎಲ್ಲರೂ ಕೇಳಿದ್ದಾರೆ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂತಹ ಹಣದಾಟಗಳನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. ಆದರೆ ಆಟಗಳೆಲ್ಲ ಒಂದೇ ಜಾತಿಯವಲ್ಲ. ನಾವು ಈ ಸಲ ಬರೆಯಹೊರಟಿರುವ ಆಟದಲ್ಲಿ ಪಣವಿಲ್ಲ. ಗೆಲುವು ಸೋಲುಗಳ ಗೊಡವೆಯೂ ಹೆಚ್ಚಾಗಿಲ್ಲ. ಅದರಲ್ಲಿರುವುದು ಕೆಲಸ, ಅದೂ ಕೈಕೆಲಸ. ದಿನವಿಡೀ ದುಡಿದು ಬಂದವನು ಮತ್ತೆ ದುಡಿಯುವುದಕ್ಕಾಗಿಯೇ ಆಡುವ ಆಟವೆಂದರೆ ವಾಚಕರು ನಗಬಹುದು. ನಾವೂ ಮೊದಲು ನಕ್ಕವರೇ.

ವರ್ಚುವಲ್ ರಿಯಾಲಿಟಿ ಎಂದು ಹೆಸರಾಗಿರುವ ಈ ವಿದ್ಯೆಯನ್ನು ಕನ್ನಡದಲ್ಲಿ ಕೆಲವರು ಮಿಥ್ಯಾವಾಸ್ತವ ಎನ್ನುತ್ತಾರೆ. ಕಣ್ಣುಗಳನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕವೊಂದು, ಎರಡು ಕೈಗಳಲ್ಲಿ ಎರಡು ಹಿಡಿಗಳು, ಇಷ್ಟೇ ಅದರ ಸಾಮಗ್ರಿ. ಕನ್ನಡಕದೊಳಗೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ಮೂಡುತ್ತದೆ. ತಲೆ ತಿರುಗಿಸಿದತ್ತ ಚಿತ್ರವೂ ತಿರುಗುತ್ತದೆ. ಆದಕಾರಣ ನೋಡುವವನಿಗೆ ತಾನು ಚಿತ್ರದ ಮುಂದಿಲ್ಲ, ಚಿತ್ರದೊಳಗಿದ್ದೇನೆ ಎಂದೇ ತೋರುತ್ತದೆ. 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಎಂಬ ವಿಜ್ಞಾನಿ ಮಾಡಿದ ಇಂತಹ ಮೊದಲ ಉಪಕರಣವು ತಲೆಯ ಮೇಲೆ ಹೊರಲಾರದಷ್ಟು ಭಾರವಾಗಿತ್ತು. ಅದನ್ನು ಮಾಳಿಗೆಗೆ ತೂಗುಹಾಕಬೇಕಾಗಿತ್ತು. ಇಂದಿನದು ಅರ್ಧ ಕಿಲೋದ ಆಸುಪಾಸಿನಲ್ಲಿದೆ. 2014ರಲ್ಲಿ ಫೇಸ್‌ಬುಕ್ ಸಂಸ್ಥೆಯು ಆಕ್ಯುಲಸ್ ಎಂಬ ಕಂಪೆನಿಯನ್ನು ಸುಮಾರು 200 ಕೋಟಿ ಡಾಲರುಗಳಿಗೆ ಕೊಂಡ ಮೇಲೆ ಈ ಕನ್ನಡಕಗಳು ಪ್ರಯೋಗಶಾಲೆಯಿಂದ ಮನೆಗಳಿಗೆ ಬಂದುವು.

ಕಲಕತ್ತೆಯವರಿಗೆ ಇಂತಹ ಮಾಯೆ ತೀರ ಹೊಸದೇನೂ ಅಲ್ಲ. 1997ರಲ್ಲಿ ತೆರೆದ ಸೈನ್ಸ್ ಸಿಟಿಯ ಟೈಮ್ ಮೆಷೀನಿನಲ್ಲಿ ಕುಳಿತು, ಕುರ್ಚಿ ಅಲುಗಾಡುವಾಗ ಪಕ್ಕದವರ ತೋಳನ್ನು ಹಿಡಿದುಕೊಂಡವರು ನಮ್ಮ ವಾಚಕರಲ್ಲಿಯೂ ಇದ್ದಾರು. ದುರ್ಗಾಪೂಜೆಯ ದಿನಗಳಲ್ಲಂತೂ ಗಲ್ಲಿಗಲ್ಲಿಯೂ ಬಿದಿರು ಬಟ್ಟೆಗಳಿಂದ ಬೇರೊಂದು ಲೋಕವಾಗಿ ನಿಲ್ಲುತ್ತದೆ. ದಶಮಿ ಕಳೆಯಿತೋ, ಮತ್ತೆ ಅದೇ ಗಲ್ಲಿ, ಅದೇ ನಲ್ಲಿ. ಆದರೆ ಅಲ್ಲೆಲ್ಲ ನಾವು ನೋಡುವವರು ಮಾತ್ರ. ಈ ಆಟದಲ್ಲಿ ಒಳಗೆ ಹೋದವನು ನಡೆಯಬೇಕು, ಎತ್ತಬೇಕು, ಕಡಿಯಬೇಕು, ಎದುರಿಗೆ ಬಂದವನೊಡನೆ ಮಾತನಾಡಬೇಕು. ಎದುರಿಗೆ ಬರುವವನು ಬೊಂಬೆಯಲ್ಲ. ಎಲ್ಲಿಯೋ ಬೇರೊಂದು ದೇಶದಲ್ಲಿ ಇಂತಹದೇ ಕನ್ನಡಕ ಹಾಕಿಕೊಂಡು ನಿಂತಿರುವ ಮನುಷ್ಯ. ಹೀಗೆ ಹಲವರು ಸೇರಿ ಒಂದೊಂದು ಪಾತ್ರವಹಿಸಿ ಆಡುವ ಆಟ 1978ರಷ್ಟು ಹಿಂದೆಯೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. ಟ್ರಬ್‌ಶಾ ಮತ್ತು ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳ ಆ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರಿಯ ಅಕ್ಷರಗಳು.

ನಾವು ಹೊಕ್ಕು ನೋಡಿದ ಆಟದ ಹೆಸರು 'ಎ ಟೌನ್‌ಶಿಪ್ ಟೇಲ್'. ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಆಲ್ಟ ಎಂಬ ಸಂಸ್ಥೆಯ ಕೃತಿ. ಈ ಬಗೆಯ ಕನ್ನಡಕಕ್ಕೆ ಬಂದದ್ದು 2021ರ ಜುಲೈಯಲ್ಲಿ. ಸಾಲ್ಟ್ ಲೇಕಿನ ಕಂಪ್ಯೂಟರ್ ಕಚೇರಿಯೊಂದರಲ್ಲಿ ಕೆಲಸಮಾಡುವ ಕನ್ನಡದ ತರುಣರೊಬ್ಬರು ತಮ್ಮ ಕೊಠಡಿಗೆ ನಮ್ಮನ್ನು ಕರೆದರು. ಒಬ್ಬರೇ ಹೋಗುವುದಕ್ಕೆ ಬೇಸರವಾಗಿ, ಲೇಕ್ ಮಾರ್ಕೆಟಿನ ಕಡೆಯ ಹೋಟೆಲೊಂದರಲ್ಲಿ ಬಹಳ ವರ್ಷಗಳಿಂದ ಅಡುಗೆಮನೆ ನಡೆಸುತ್ತಿರುವ, ಕುಂದಾಪುರದ ಕಡೆಯ ಭಟ್ಟರನ್ನೂ ಅವರ ವಾರದ ರಜೆಯ ಸಂಜೆ ಜತೆಗೆ ಕರೆದುಕೊಂಡೆವು. ಈ ಲೇಖನದಲ್ಲಿ ಓದತಕ್ಕದ್ದೇನಾದರೂ ಇದ್ದರೆ ಅದು ಭಟ್ಟರ ಪುಣ್ಯ.

ಆಟದ ಕಥೆ ಸರಳವಾಗಿದೆ. ಜನರು ಬಿಟ್ಟುಹೋದ ಹಳ್ಳಿಯೊಂದಿದೆ. ಕುಲುಮೆ ಹಾಳುಬಿದ್ದಿದೆ, ಸುತ್ತ ಕಾಡು, ಆಚೆಗೆ ಗಣಿ. ಬಂದವರು ಸೇರಿ ಊರನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ಒಬ್ಬನು ಮರ ಕಡಿಯುತ್ತಾನೆ, ಇನ್ನೊಬ್ಬನು ಅದಿರು ಅಗೆಯುತ್ತಾನೆ, ಮತ್ತೊಬ್ಬನು ಅದನ್ನು ಕರಗಿಸಿ ಸುತ್ತಿಗೆಯಿಂದ ಬಡಿದು ಕೊಡಲಿಯ ಅಲಗನ್ನು ಮಾಡುತ್ತಾನೆ, ಬೇಟೆಗೆ ಹೋಗುವವನು ಹೋಗುತ್ತಾನೆ, ಅಡುಗೆಯವನು ಅಡುಗೆ ಮಾಡುತ್ತಾನೆ. ಗುಂಡಿ ಒತ್ತಿದರೆ ಮರ ಉರುಳುವುದಿಲ್ಲ, ತೋಳು ಬೀಸಬೇಕು. ಬೆನ್ನ ಮೇಲಿನ ಚೀಲ ಬೇಕಾದರೆ ಭುಜದ ಹಿಂದಕ್ಕೆ ಕೈ ಚಾಚಿ ಎಳೆದುಕೊಳ್ಳಬೇಕು. ಹಣ್ಣು ತಿನ್ನಬೇಕಾದರೆ ಬಾಯಿಯ ಬಳಿಗೆ ಒಯ್ಯಬೇಕು. ರಾತ್ರಿಯಾಗುತ್ತದೆ, ಪಂಜು ಇಲ್ಲದವನಿಗೆ ದಾರಿ ಕಾಣದು. ಹಸಿವೂ ಆಗುತ್ತದೆ, ಲೆಕ್ಕದಲ್ಲಿ.

ಮೊದಲು ಕನ್ನಡಕ ಧರಿಸಿದವರು ನಾವು. ಮರಗಳ ಎಲೆಗಳು ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದಂತಿದ್ದುವು. ಚಿತ್ರ ಸಹಜವಾಗಿದೆಯೆಂದು ಯಾರೂ ಹೇಳಲಾರರು. ಆದರೂ ಬೆಟ್ಟದ ಅಂಚಿಗೆ ಬಂದಾಗ ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು. ಕಣ್ಣು ಇದು ಪ್ರಪಾತವೆನ್ನುತ್ತಿತ್ತು, ಅಂಗಾಲು ಇದು ಸಾಲ್ಟ್ ಲೇಕಿನ ಬಾಡಿಗೆ ಕೊಠಡಿಯ ನೆಲವೆನ್ನುತ್ತಿತ್ತು, ಗೆದ್ದದ್ದು ಕಣ್ಣು. ಈ ಜಗಳದಿಂದಲೇ ಹೊಸಬರಿಗೆ ಹೊಟ್ಟೆ ತೊಳಸುವುದು. ಕಣ್ಣಿಗೆ ನಡೆದಂತೆ ಕಂಡರೂ ಒಳಗಿವಿಯ ಸಮತೋಲದ ಅಂಗಕ್ಕೆ ಚಲನೆಯ ಸುಳಿವು ಸಿಗುವುದಿಲ್ಲ. ಹಡಗಿನಲ್ಲಿ ಬರುವ ಪಿತ್ತದ ತಲೆಕೆಳಗಾದ ರೂಪವೆನ್ನಬಹುದು. ಹತ್ತು ನಿಮಿಷಕ್ಕೆ ನಮಗೆ ಕುರ್ಚಿ ಬೇಕಾಯಿತು.

ಭಟ್ಟರಿಗೆ ಅಂತಹದೇನೂ ಆಗಲಿಲ್ಲ. ಅವರು ಒಳಗೆ ಹೋದವರೇ ಎರಡು ಕೈಗಳನ್ನೂ ಮುಂದಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕೈ ಇದೆ, ಆದರೆ ನನ್ನದಲ್ಲ. ಸುಟ್ಟ ಕಲೆ ಒಂದೂ ಇಲ್ಲ" ಎಂದರು. ಅವರು ನೋಡುತ್ತಿದ್ದುದನ್ನು ನಾವು ಪಕ್ಕದ ಪರದೆಯ ಮೇಲೆ ನೋಡುತ್ತಿದ್ದೆವು. ಕೊಡಲಿಯನ್ನು ಅವರು ಹಿಡಿದ ರೀತಿಯೇ ಬೇರೆ. ನಾವು ತೋಳಿನಿಂದ ಬೀಸಿದ್ದೆವು, ಅವರು ಸೊಂಟದಿಂದ ಬೀಸಿದರು, ಮರ ಬಿದ್ದಿತು. ಕೊಪ್ಪರಿಗೆಯ ಬಳಿಗೆ ಬಂದು ಚಾಕು ಸಿಕ್ಕಿದೊಡನೆಯಂತೂ ಕೊಠಡಿಯ ಯಜಮಾನರು ಬಾಯಿಬಿಟ್ಟು ನೋಡಿದರು. ಕ್ಯಾರೆಟ್ಟು ಅಣಬೆಗಳನ್ನು ಭಟ್ಟರು ಹೋಟೆಲಿನ ಬೆಳಗಿನ ಭರದಲ್ಲಿ ಕೊಚ್ಚುವಂತೆ ಕೊಚ್ಚಿ ಹಾಕಿದರು. ಸಾರಿನಂತಹದೊಂದು ಆಯಿತು. ಅವರು ಬಗ್ಗಿ ಮೂಗನ್ನು ಕೊಪ್ಪರಿಗೆಯ ಬಾಯಿಗೆ ಹಿಡಿದು, ಒಂದು ಕ್ಷಣ ಸುಮ್ಮನಿದ್ದು, "ವಾಸನೆಯೇ ಇಲ್ಲವಲ್ಲ ಮಾರಾಯ್ರೆ! ಇದು ಬೆಂದಿದೆಯೋ ಇಲ್ಲವೋ ಹೇಗೆ ಹೇಳುವುದು?" ಎಂದು ಕೇಳಿದರು. ತರುಣರು ಬಣ್ಣ ನೋಡಿ ಹೇಳಬೇಕೆಂದರು. "ಬಣ್ಣ ನೋಡಿ ಗಿರಾಕಿ ಹೇಳುತ್ತಾನೆ, ಅಡುಗೆಯವನಲ್ಲ" ಎಂದು ಭಟ್ಟರ ಉತ್ತರ.

ಈ ಒಂದು ಮಾತಿನಲ್ಲಿ ಆಟದ ಕೊರತೆಯೆಲ್ಲ ಬಂದುಬಿಟ್ಟಿತು. ಬೆಂಕಿಗೆ ಬಿಸಿಯಿಲ್ಲ, ಕಬ್ಬಿಣಕ್ಕೆ ಭಾರವಿಲ್ಲ. ಸುತ್ತಿಗೆ ತಗುಲಿದಾಗ ಹಿಡಿ ಒಂದಿಷ್ಟು ನಡುಗುತ್ತದೆ, ಅಷ್ಟೇ. ಆದರೆ ಅದನ್ನು ಕೊರತೆಯೆಂದು ಮಾತ್ರ ಎಣಿಸಬಾರದೇನೋ. ಹಬೆಯಿಲ್ಲದ, ಬೆವರಿಲ್ಲದ, "ಎರಡು ಮಸಾಲೆ, ಬೇಗ" ಎಂಬ ಕೂಗಿಲ್ಲದ ಅಡುಗೆಮನೆಯಲ್ಲಿ ನಿಂತು ಭಟ್ಟರು ತಮ್ಮ ಕೈಚಳಕವನ್ನು ತಾವೇ ನೋಡಿದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲೆಂದು ನಮಗೆ ತೋರಿತು. ಹೊರಗೆ ಅವರ ಕೈಗೆ ಸಂಬಳವಿದೆ, ಬೆರಗುಪಡುವವರು ಅಪರೂಪ.

ಇನ್ನು ಮುಖ್ಯ ಸಂಗತಿಗೆ ಬರೋಣ. ಆ ಊರಿನಲ್ಲಿ ಆಗ ನಾಲ್ಕೈದು ಜನರಿದ್ದರು; ಈ ಕನ್ನಡಕದವರಿಗೆ ಆಟ ಬಂದಾಗ ಒಂದು ಊರಿಗೆ ಎಂಟು ಜನರೆಂದು ಮಿತಿಯಿಟ್ಟಿದ್ದರು. ಅವರಲ್ಲೊಬ್ಬನು ಭಟ್ಟರ ಬಳಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದನು. ಹತ್ತಿರ ಬಂದರೆ ದನಿ ಜೋರಾಗಿಯೂ ದೂರ ಹೋದರೆ ಮೆಲ್ಲಗೂ ಕೇಳುತ್ತದೆ, ನಿಜವಾದ ಬೀದಿಯಲ್ಲಿ ಕೇಳುವಂತೆಯೇ. ಭಟ್ಟರಿಗೆ ಇಂಗ್ಲಿಷ್ ಬಾರದು. ಅವರು ನಿಸ್ಸಂಕೋಚವಾಗಿ "ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿ, ಕೈಯನ್ನು ಬಾಯಿಯ ಬಳಿಗೆ ಒಯ್ದು ತೋರಿಸಿದರು. ಆತ ಒಂದು ಗಳಿಗೆ ತಡೆದು, ತನ್ನ ಚೀಲವನ್ನು ಎಳೆದು, ಒಂದು ಸೇಬನ್ನು ತೆಗೆದು ಇವರ ಅಂಗೈಯಲ್ಲಿಟ್ಟನು. ಭಟ್ಟರು ಕೊಪ್ಪರಿಗೆಯ ಕಡೆಗೆ ಕೈ ತೋರಿಸಿದರು. ಆ ಮೇಲೆ ಅರ್ಧ ಗಂಟೆ ಇಬ್ಬರೂ ಕೈಸನ್ನೆಯಲ್ಲಿಯೇ ಕಾಡಿಗೆ ಹೋದರು, ಕಟ್ಟಿಗೆ ತಂದರು, ಕತ್ತಲಾದಾಗ ಆತ ಪಂಜು ಹಿಡಿದು ಮುಂದೆ ನಡೆದನು. ಆತ ಯಾವ ದೇಶದವನೋ, ಪ್ರೊಫೆಸರನೋ ಲಾರಿ ಓಡಿಸುವವನೋ ನಮಗೆ ತಿಳಿಯಲಿಲ್ಲ. ಭಟ್ಟರು ಹೋಟೆಲಿನವರೆಂದು ಆತನಿಗೂ ತಿಳಿಯಲಿಲ್ಲ.

ಹೌರಾ ಸ್ಟೇಷನ್ನಿನಲ್ಲಿ ಇಳಿದ ಮೊದಲ ದಿನವನ್ನು ನಮ್ಮ ವಾಚಕರು ಜ್ಞಾಪಿಸಿಕೊಳ್ಳಲಿ. ಭಾಷೆ ಬಾರದು, ದಿಕ್ಕು ತಿಳಿಯದು, ಸೇತುವೆಯ ಮೇಲೆ ಜನಪ್ರವಾಹ. ದಾದಾ ಎಂಬ ಒಂದೇ ಪದವನ್ನು ಊರುಗೋಲಾಗಿ ಹಿಡಿದು ನಾವೆಲ್ಲರೂ ಈ ಪಟ್ಟಣವನ್ನು ಹೊಕ್ಕವರು. ಅಂದು ಯಾರೋ ಒಬ್ಬರು ಬಸ್ಸಿನ ನಂಬರು ತೋರಿಸಿರಬೇಕು, ಯಾರೋ ಒಬ್ಬರು ಚಾಪೆಯ ಅರ್ಧ ಬಿಟ್ಟುಕೊಟ್ಟಿರಬೇಕು. ಹೊಸ ಊರು ಊರಾಗುವುದು ಹೀಗೆ. ಕನ್ನಡಕದೊಳಗಿನ ಊರಿಗೂ ಅದೇ ನಿಯಮವಿರುವುದು ನಮಗೆ ಸೋಜಿಗವನ್ನುಂಟುಮಾಡಿತು. ಟೈಪು ಮಾಡಿ ಮಾತನಾಡುವ ಆಟಗಳಲ್ಲಿ ಭಟ್ಟರಂಥವರು ಮೂಕರು. ಇಲ್ಲಿ ಕೈ ಆಡಿಸಿದರೆ ಎದುರಿನವನಿಗೆ ಕೈ ಆಡಿದ್ದು ಕಾಣುತ್ತದೆ. ತಲೆ ತೂಗಿದರೆ ತಲೆ ತೂಗಿದ್ದು ಕಾಣುತ್ತದೆ. ಚಿತ್ರದ ಚಂದಕ್ಕಿಂತ ಇದೇ ಈ ವಿದ್ಯೆಯ ದೊಡ್ಡ ಗುಣವೆಂದು ನಮ್ಮ ಅಭಿಪ್ರಾಯ. ಎಲ್ಲರೂ ಸೇಬು ಕೊಡುವವರೇ ಎಂದಲ್ಲ. ಬೈಯುವವರೂ ಕದಿಯುವವರೂ ಅಲ್ಲಿಯೂ ಇದ್ದಾರೆ, ಮತ್ತು ದನಿಗಳಲ್ಲಿ ಅರ್ಧಕ್ಕರ್ಧ ಚಿಕ್ಕ ಹುಡುಗರವು.

ಕರಾವಳಿಯಲ್ಲಿ 'ಆಟ' ಎಂದರೆ ಯಕ್ಷಗಾನವೇ. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖಕ್ಕೆ ಬಣ್ಣ ಬಳಿದು, ಕಿರೀಟ ಕಟ್ಟಿ, ಹಗಲಿನ ಬಡವನು ಬೆಳಗಿನ ಜಾವದವರೆಗೆ ರಾಜನಾಗುತ್ತಾನೆ. ಇದೂ ವೇಷವೇ ಅಲ್ಲವೇ ಎಂದು ನಾವು ಕೇಳಿದಾಗ ಭಟ್ಟರು ಪೂರ್ತಿ ಒಪ್ಪಲಿಲ್ಲ. ಅಲ್ಲಿ ವೇಷಕ್ಕೆ ಚೆಂಡೆಯಿದೆ, ಭಾಗವತರಿದ್ದಾರೆ, ನೋಡುವ ಜನರಿದ್ದಾರೆ. ಇಲ್ಲಿ ಎಲ್ಲರೂ ವೇಷದವರೇ, ನೋಡುವವನೊಬ್ಬನೂ ಇಲ್ಲ ಎಂದರು. ವಿಮರ್ಶಕರು ಇದನ್ನು ಯೋಚಿಸಲಿ.

ಇನ್ನು ಕಾಸಿನ ಮಾತು. ಇಂತಹ ಕನ್ನಡಕಗಳಲ್ಲಿ ಅಗ್ಗವಾದ ಕ್ವೆಸ್ಟ್ 3ಎಸ್ 2024ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 299 ಡಾಲರುಗಳಿಗೆ ಮಾರಾಟಕ್ಕೆ ಬಂದಿತು. ಆಗಿನ ವಿನಿಮಯದಲ್ಲಿ ಸುಮಾರು 25,000 ರೂಪಾಯಿ. ಸುಂಕ ಸಾಗಣೆಗಳು ಸೇರಿ ಇಲ್ಲಿ ಇನ್ನೂ ಮೇಲಾಗುತ್ತದೆ. ಅದು ಎಷ್ಟು ತಿಂಗಳ ಉಳಿತಾಯವೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿಕೊಳ್ಳಬೇಕು. ಹಣಕ್ಕಿಂತ ಕಷ್ಟವಾದುದು ಜಾಗ. ತೋಳು ಬೀಸಿ ಆಡುವವನಿಗೆ ಎರಡು ಮೀಟರು ಉದ್ದ, ಎರಡು ಮೀಟರು ಅಗಲದ ಬರಿನೆಲ ಬೇಕೆನ್ನುತ್ತಾರೆ. ಅಷ್ಟು ನೆಲದಲ್ಲಿ ನಮ್ಮ ಮೆಸ್ಸುಗಳಲ್ಲಿ ಮೂರು ಜನ ಮಲಗುತ್ತಾರೆ. ಪಕ್ಕದವನು ಬೆಳಗಿನ ನಾಲ್ಕಕ್ಕೆ ಏಳಬೇಕಾದವನಾಗಿರುವಾಗ, ನಡುರಾತ್ರಿ ಇಲ್ಲದ ಕೊಡಲಿಯಿಂದ ಇಲ್ಲದ ಮರವನ್ನು ಕಡಿಯುತ್ತ ಅವನ ಮೂಗಿಗೆ ಹೊಡೆದರೆ ಪೆಟ್ಟು ಮಾತ್ರ ಇದ್ದೇ ಇರುತ್ತದೆ. ನಿದ್ರೆಯ ಲೆಕ್ಕವೂ ಉಂಟು. ಭಟ್ಟರು ಹದಿನೈದು ನಿಮಿಷವಾಯಿತೆಂದು ತಿಳಿದು ಕನ್ನಡಕ ತೆಗೆದಾಗ ಗಡಿಯಾರವು ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತೆಂದು ತೋರಿಸಿತು.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾಗದು. ಇಂತಹ ಊರುಗಳಿಗೆ ಒಡೆಯರು ಇರುತ್ತಾರೆ. 2022ರ ಜನವರಿಯಲ್ಲಿ 'ಜೆನಿತ್' ಎಂಬ ಇದೇ ಬಗೆಯ ದೊಡ್ಡ ಆಟ ಬಂದಿತು. ಅದರಲ್ಲಿ ಯಾವ ಗೋಡೆಯನ್ನಾದರೂ ಹತ್ತಬಹುದಾಗಿತ್ತು, ತೋಳುಗಳನ್ನು ಚಾಚಿ ಹದ್ದಿನಂತೆ ತೇಲಬಹುದಾಗಿತ್ತು. ಬಂಡವಾಳ ಹಾಕಿದವರೂ ಇದ್ದರು, ಮೆಚ್ಚಿದವರೂ ಇದ್ದರು. ಆದರೆ ಆಡಲು ಬಂದವರು ಬಹಳ ಕಾಲ ನಿಲ್ಲಲಿಲ್ಲ. 2024ರಲ್ಲಿ ಅದರ ಕಂಪೆನಿಯು ಆಟವನ್ನು ಮುಂದಕ್ಕೆ ಬೆಳೆಸುವುದನ್ನು ನಿಲ್ಲಿಸಿತು. ಎರಡು ವರ್ಷ ಅಲ್ಲಿ ಸಂಜೆ ಕಳೆದು, ಗೆಳೆಯರನ್ನು ಮಾಡಿಕೊಂಡವರ ಮಾತನ್ನು ಕೇಳುವವರಿಲ್ಲ. ಯಜಮಾನರು ಬಾಗಿಲು ಹಾಕಿದ ಹೋಟೆಲಿನ ಮಾಣಿಗಳಿಗೆ ಬಾಕಿ ಸಂಬಳವನ್ನಾದರೂ ಕೇಳುವ ಹಕ್ಕಿದೆ. ಇವರಿಗೆ ಅದೂ ಇಲ್ಲ.

ನೋಡಬೇಕೆಂಬ ಆಸೆಯಿರುವವರು ಕೊಳ್ಳುವ ಮೊದಲು ಯಾರಲ್ಲಾದರೂ ಒಂದು ಸಲ ಧರಿಸಿ ನೋಡುವುದು ಲೇಸು. ಹೊಟ್ಟೆ ತುಂಬ ಉಂಡು ಹೋಗಬಾರದು. ಮೊದಲ ದಿನ ಹದಿನೈದು ನಿಮಿಷ ಸಾಕು, ಪಕ್ಕದಲ್ಲೊಬ್ಬರು ಗಡಿಯಾರ ಹಿಡಿದು ಕುಳಿತಿರಲಿ. ಭಟ್ಟರು ಮುಂದಿನ ರಜೆಯ ಸಂಜೆ ಮತ್ತೆ ಹೋಗುವವರಿದ್ದಾರೆ. ಕೊಡಲಿಯೊಂದಕ್ಕೆ ಹಿಡಿ ಹಾಕುವುದು ಬಾಕಿ ಉಳಿದಿದೆಯಂತೆ.